ಆ ಒಂದು ಸಾಲು ತಿದ್ದಿ, ದಯವಿಟ್ಟು

ಮಾನ್ಯ ಸಂಪಾದಕರೇ,

ಬೆನ್ನಿಗೊಂದು ಬ್ಯಾಗು ಏರಿಸಿಕೊಂಡು ಹದಿನೈದು ದಿನದಲ್ಲಿ ದಕ್ಷಿಣ ಯುರೋಪಿನ ಎಂಟು ಊರು ನೋಡಿ ಬರುವ ಬಗ್ಗೆ ಹೋದ ಭಾನುವಾರ ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಬರೆದವರ ಹುಮ್ಮಸ್ಸೂ ಚೆನ್ನಾಗಿತ್ತು. ಆದರೆ ಅದರಲ್ಲಿ ಒಂದು ಸಾಲು ಇದೆ, ಅದನ್ನು ತಿದ್ದದೇ ಬಿಟ್ಟರೆ ನಿಮ್ಮ ಓದುಗರಲ್ಲಿ ಯಾರೋ ಒಬ್ಬರು ಹಡಗುಕಟ್ಟೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂರುವುದು ಖಂಡಿತ. ಅದಕ್ಕೇ ಈ ಪತ್ರ. ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ, ಕತ್ತರಿ ಹಾಕಬೇಕಾದರೆ ಕೊನೆಯಿಂದ ಹಾಕಿ, ಮೊದಲ ಭಾಗ ಮಾತ್ರ ಉಳಿಸಿ.

ಇಟಲಿಯ ಬಾರೀ ಬಂದರಿನಲ್ಲಿ ರಾತ್ರಿ ಹಡಗು ಹತ್ತಿ, ಬೆಳಿಗ್ಗೆ ಅಲ್ಬೇನಿಯಾದ ಡುರೆಸ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಗ್ರೀಸ್‌ಗೆ ಹೋಗಬಹುದು, ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಒಂದಿದ್ದರೆ ಸಾಕು ಅಂತ ಲೇಖನ ಹೇಳುತ್ತದೆ. ದಾರಿ ನಿಜ. ವೀಸಾ ಮಾತು ಅರ್ಧ ನಿಜ. ಅಲ್ಬೇನಿಯಾ ಯುರೋಪಿನಲ್ಲಿದೆ, ಆದರೆ ಷೆಂಗೆನ್ ಒಳಗಿಲ್ಲ. ಬಾರೀಯಲ್ಲಿ ಹಡಗು ಹತ್ತಿದ ಕ್ಷಣ ನೀವು ಷೆಂಗೆನ್‌ನಿಂದ ಹೊರಗೆ. ವೀಸಾ ಚೀಟಿಯಲ್ಲಿ ಎಷ್ಟು ಸಲ ಒಳಗೆ ಹೋಗಬಹುದು ಅನ್ನುವ ಕಡೆ 01 ಅಂತ ಇದ್ದರೆ, ಆ ಒಂದು ಸಲ ಅಲ್ಲಿಗೆ ಮುಗಿಯಿತು. ಮತ್ತೆ ಗ್ರೀಸ್ ಒಳಗೆ ಬಿಡುವುದಿಲ್ಲ. ಅಷ್ಟೇ ಅಲ್ಲ, ಷೆಂಗೆನ್ ವೀಸಾ ತೋರಿಸಿ ಅಲ್ಬೇನಿಯಾಗೆ ಹೋಗಬೇಕಾದರೂ ಅದು ಹಲವು ಸಲದ ವೀಸಾ ಆಗಿರಬೇಕು, ಮೊದಲೇ ಒಮ್ಮೆ ಬಳಸಿರಬೇಕು. ಚೀಟಿಯಲ್ಲಿ MULT ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಅಂದರೆ 'ಮಲ್ಟ್', ಇದೆಯಾ ಅಂತ ನೋಡಿಕೊಳ್ಳಿ. ಆ ನಾಲ್ಕು ಅಕ್ಷರದ ಮೇಲೆ ಇಡೀ ಪ್ರವಾಸ ನಿಂತಿದೆ.

ಇದನ್ನು ನಾನು ಸುಮ್ನೆ ಕೂತು ಹೇಳುತ್ತಿಲ್ಲ. 2025ರ ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ, ಒಟ್ಟು ಮೂವತ್ತಾರು ದಿನ, ನಾನು ಇದೇ ದಾರಿಯಲ್ಲಿ ಒಬ್ಬಳೇ ಓಡಾಡಿದ್ದೇನೆ. ಬಾರೀ ಬಂದರಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹುಡುಗರು ನಿಂತಿದ್ದರು. ಇಪ್ಪತ್ತೈದರ ಆಸುಪಾಸು. ಹಡಗಿನ ಟಿಕೆಟ್ ಕೈಯಲ್ಲಿ, ಮುಖದಲ್ಲಿ ಸಂಭ್ರಮ. ಕೌಂಟರಿನ ಹೆಂಗಸು ಪಾಸ್‌ಪೋರ್ಟ್ ತೆರೆದು, ವೀಸಾ ಮೇಲೆ ಬೆರಳಿಟ್ಟು, ತಲೆ ಅಲ್ಲಾಡಿಸಿದಳು. ಇಬ್ಬರದೂ 01. ಟಿಕೆಟ್ ದುಡ್ಡು ವಾಪಸ್ ಇಲ್ಲ, ಅಲ್ಬೇನಿಯಾದ ಬೆರಾತ್‌ನಲ್ಲಿ ಕಟ್ಟಿದ್ದ ರೂಮಿನ ದುಡ್ಡೂ ಹೋಯಿತು. ಪುಣ್ಯಕ್ಕೆ ಅವರನ್ನು ಇಟಲಿಯಿಂದ ಹೊರಗೆ ಕಳಿಸಿರಲಿಲ್ಲ, ಹಾಗಾಗಿ ಮಾರನೇ ದಿನ ನೇರ ಗ್ರೀಸ್ ಹಡಗು ಹಿಡಿಯುವ ದಾರಿ ಉಳಿದಿತ್ತು. ಅಲ್ಬೇನಿಯಾ ಮಾತ್ರ ಹೋಯಿತು. ವೀಸಾ ಶುಲ್ಕವೇ 90 ಯೂರೋ, 30,000 ಯೂರೋ ವಿಮೆ ಬೇರೆ ಮಾಡಿಸಬೇಕು. ಇಷ್ಟೆಲ್ಲ ಮಾಡಿದವರಿಗೆ ಅರ್ಜಿಯಲ್ಲಿ ಎಷ್ಟು ಸಲ ಅನ್ನುವ ಕಾಲಂ ನೋಡಿ ತುಂಬಿ ಅಂತ ಒಬ್ಬರೂ ಹೇಳಿರಲಿಲ್ಲ. ಕೇಳಿದ ತಕ್ಷಣ ಕೊಟ್ಟೇಬಿಡುತ್ತಾರೆ ಅಂತಲ್ಲ, ಆದರೆ ಕೇಳಲೇಬೇಕು, ಹಡಗಿನ ಟಿಕೆಟನ್ನು ಅರ್ಜಿ ಜೊತೆ ಇಡಬೇಕು.

ಸರಿ, ತಿದ್ದುಪಡಿ ಮುಗಿಯಿತು. ಇನ್ನು ಜಗಳ.

ಹದಿನೈದು ದಿನಕ್ಕೆ ಎಂಟು ಊರು ಅಂದರೆ ಊರಿಗೆ ಎರಡು ದಿನವೂ ಬರುವುದಿಲ್ಲ. ಅದರಲ್ಲಿ ರೈಲು, ಬಸ್ಸು, ಹಾಸ್ಟೆಲ್ ಹುಡುಕುವುದು, ಬಟ್ಟೆ ಒಣಗಿಸುವುದು ಕಳೆದರೆ ಉಳಿಯುವುದು ಒಂದು ಮಧ್ಯಾಹ್ನ. ನನಗೆ ಐವತ್ತೆರಡು, ಬಲಗಾಲಿನ ಮಂಡಿ ಅಷ್ಟಕ್ಕಷ್ಟೇ, ಹಾಗಾಗಿ ಇದು ವಯಸ್ಸಿನ ಮಾತು ಅನ್ನಬಹುದು. ಆದರೆ ಲೇಖನದವರು ಬಾರ್ಸಿಲೋನಾ, ವೆನಿಸ್, ಸಾಂತೊರಿನಿಯನ್ನು ಒಂದು ಪಟ್ಟಿಯಲ್ಲಿ ಹಾಕಿ, ಕೆಳಗೆ ಇಟಲಿಯ ಮತೇರಾ, ಸ್ಪೇನಿನ ತೆರುಎಲ್ ಎಂಬೆರಡು ಹೆಸರನ್ನು 'ಯಾರಿಗೂ ಗೊತ್ತಿಲ್ಲದ ಊರುಗಳು' ಅಂತ ಒಗ್ಗರಣೆ ಹಾಕಿದ್ದಾರಲ್ಲ, ನನಗೆ ಕಿರಿಕಿರಿ ಆಗಿದ್ದು ಅಲ್ಲಿ. ಅಲ್ಲಿರುವವರಿಗೆ ಗೊತ್ತಲ್ವಾ? ಜನ ತುಂಬಿ ತುಳುಕುವ ಊರು ಮತ್ತು ಜನವೇ ಇಲ್ಲದ ಊರು, ಇವೆರಡನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಮಾತ್ರ ದಕ್ಷಿಣ ಯುರೋಪು ಸ್ವಲ್ಪ ಅರ್ಥವಾಗುತ್ತದೆ. ಬೇರೆಬೇರೆ ನೋಡಿದರೆ ಎರಡೂ ಪೋಸ್ಟ್‌ಕಾರ್ಡ್.

ಬಾರ್ಸಿಲೋನಾದಿಂದ ಶುರು ಮಾಡುತ್ತೇನೆ. ನಾನು ಇಳಿದಿದ್ದು ಏಪ್ರಿಲ್ 23ಕ್ಕೆ. ಅವತ್ತು ಅಲ್ಲಿ ಸಂತ್ ಜೋರ್ದಿ ಹಬ್ಬ. ಬೀದಿ ತುಂಬ ಗುಲಾಬಿ ಮತ್ತು ಪುಸ್ತಕದ ಮೇಜುಗಳು, ಪ್ರೀತಿಪಾತ್ರರಿಗೆ ಒಂದು ಹೂವು ಇಲ್ಲವೇ ಒಂದು ಪುಸ್ತಕ ಕೊಡುವ ದಿನ. ಊರಿನವರೇ ಊರಿನ ಬೀದಿಯಲ್ಲಿ ತುಂಬಿದ್ದು ನಾನು ನೋಡಿದ್ದು ಆ ಒಂದು ದಿನ. ಮಾರನೇ ದಿನದಿಂದ ನಮ್ಮಂಥವರದೇ ರಾಜ್ಯ. ಹತ್ತು ಜನರ ಡಾರ್ಮ್‌ನಲ್ಲಿ ಒಂದು ಮೇಲಿನ ಹಾಸಿಗೆಗೆ 41 ಯೂರೋ ಕೊಟ್ಟೆ, ಕೆಳಗಿನವನ ಗೊರಕೆ ಉಚಿತ.

ಆ ಊರಿನಲ್ಲಿ 116ನೇ ನಂಬರಿನ ಒಂದು ಪುಟ್ಟ ಬಸ್ಸಿದೆ. ಪಾರ್ಕ್ ಗುಯೆಲ್ ಎಂಬ ಹೆಸರಾಂತ ಉದ್ಯಾನದ ಹತ್ತಿರದ ಏರು ಬೀದಿಗಳಲ್ಲಿ ಓಡುತ್ತದೆ. ಪ್ರವಾಸಿಗಳು ಅದನ್ನು ಎಷ್ಟು ತುಂಬಿದರೆಂದರೆ, ಸಂತೆಚೀಲ ಹಿಡಿದ ಅಲ್ಲಿನ ಮುದುಕರಿಗೆ ಹತ್ತಲು ಜಾಗವೇ ಸಿಗದೆ, ಕೊನೆಗೆ 2024ರಲ್ಲಿ ನಗರಾಡಳಿತವೇ ಹೇಳಿ ಆ ಬಸ್ಸಿನ ದಾರಿಯನ್ನು ಗೂಗಲ್ ಮ್ಯಾಪಿನಿಂದ ತೆಗೆಸಿತು. ನಮ್ಮ ಬಸ್ಸನ್ನು ಮ್ಯಾಪಿನಿಂದ ಅಳಿಸಿಬಿಡಿ ಅಂತ ಬೇಡಿಕೊಳ್ಳುವ ಸ್ಥಿತಿ ಊಹಿಸಿಕೊಳ್ಳಿ. ಅದೇ ವರ್ಷ ಜುಲೈನಲ್ಲಿ ಪ್ರತಿಭಟನೆಗೆ ಬಂದವರು ಹೋಟೆಲ್ ಮುಂದೆ ಕೂತಿದ್ದ ಪ್ರವಾಸಿಗಳ ಮೇಲೆ ಆಟಿಕೆ ಪಿಚಕಾರಿಯಲ್ಲಿ ನೀರು ಹಾರಿಸಿದ್ದರು. ಸುದ್ದಿಯಲ್ಲಿ ಅದು ತಮಾಷೆ ಥರ ಬಂತು. ಅಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಅದು ತಮಾಷೆಯಲ್ಲ. ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ನಿಲ್ಲಿಸುತ್ತೇವೆ ಅಂತ ಮೇಯರ್ ಘೋಷಿಸಿದ್ದಾರೆ.

ಅಲ್ಲಿಂದ ವೆಲೆನ್ಸಿಯಾಕ್ಕೆ ಮೂರು ಗಂಟೆ ರೈಲು, ವೆಲೆನ್ಸಿಯಾದಿಂದ ತೆರುಎಲ್‌ಗೆ ಬೆಟ್ಟ ಹತ್ತುವ ಬಸ್ಸು. ಭಾನುವಾರ ಸಂಜೆ ಇಳಿದೆ. 900 ಮೀಟರಿಗೂ ಎತ್ತರದ ಊರು, ಏಪ್ರಿಲ್ ಕೊನೆಯಲ್ಲೂ ಸ್ವೆಟರ್ ಬೇಕು. ಹಳೆಯ ಕಾಲದ ಇಟ್ಟಿಗೆ ಗೋಪುರಗಳ ಮೇಲೆ ಹಸಿರು ಬಿಳಿ ಹೊಳಪಿನ ಬಿಲ್ಲೆಗಳು, ಮುಸ್ಲಿಂ ಕುಶಲಕರ್ಮಿಗಳ ಮುದೇಹರ್ ಶೈಲಿ. 1986ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದೆ. ಆದರೂ ಆ ಗೋಪುರದ ಕೆಳಗೆ ಅವತ್ತು ನಾನು ಮತ್ತು ಒಂದು ನಾಯಿ.

ಈ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು ಒಂಬತ್ತು ಜನ. ಮ್ಯಾಡ್ರಿಡ್‌ಗೆ ನೇರ ರೈಲಿಲ್ಲ. ಮಕ್ಕಳು ಓದಲು ಹೋದವರು ತಿರುಗಿ ಬರುವುದಿಲ್ಲ. 1999ರಲ್ಲಿ ಊರಿನವರು ಸೇರಿ ಒಂದು ಚಳವಳಿ ಶುರು ಮಾಡಿದರು, ಅದರ ಹೆಸರು 'ತೆರುಎಲ್ ಎಕ್ಸಿಸ್ತೆ'. ತೆರುಎಲ್ ಇದೆ, ಅಂತ ಅರ್ಥ. ಅಷ್ಟೇ. ಇನ್ನೇನೂ ಬೇಡಿಕೆ ಹೆಸರಿನಲ್ಲಿಲ್ಲ. ಒಂದು ಊರು ತನ್ನ ಬಸ್ಸನ್ನು ಮ್ಯಾಪಿನಿಂದ ಅಳಿಸಿ ಅನ್ನುತ್ತಿದೆ, ಅರ್ಧ ದಿನದ ದಾರಿಯಲ್ಲಿ ಇನ್ನೊಂದು ಊರು ನಾವೂ ಇದ್ದೀವಪ್ಪಾ ಅಂತ ಕೂಗುತ್ತಿದೆ. ಲೇಖನದವರು ಇದನ್ನು ಹೇಳಿದ್ದರೆ ನಾನು ಪೆನ್ನು ಹಿಡಿಯುತ್ತಲೇ ಇರಲಿಲ್ಲ.

ಕೂಗಿದ್ದು ಕೇಳಿಸಿತಾ? ಒಮ್ಮೆ ಕೇಳಿಸಿತು. 2019ರ ನವೆಂಬರ್ ಚುನಾವಣೆಯಲ್ಲಿ ಈ ಚಳವಳಿಯೇ ಪಕ್ಷವಾಗಿ ನಿಂತು ಸಂಸತ್ತಿನ ಕೆಳಮನೆಯಲ್ಲಿ ಒಂದು ಸೀಟು ಗೆದ್ದಿತು. 2020ರ ಜನವರಿಯಲ್ಲಿ ಪೆದ್ರೊ ಸಾಂಚೆಸ್ ಮತ್ತೆ ಪ್ರಧಾನಿಯಾಗಿದ್ದು 167ಕ್ಕೆ 165 ಮತಗಳಿಂದ. ಆ 167ರಲ್ಲಿ ಒಂದು ತೆರುಎಲ್‌ನದು. ನಾನು ಉಳಿದಿದ್ದ ಪೆನ್ಶನ್‌ನ ಯಜಮಾನರು ಇದನ್ನು ಬೆರಳಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಮೇಲೆ ನೇರ ರೈಲು ಬಂತಾ ಅಂತ ಕೇಳಿದೆ. ನಕ್ಕು ಸುಮ್ಮನಾದರು. (ಪೆನ್ಶನ್ ಅಂದರೆ ಅಲ್ಲಿ ಸಣ್ಣ ವಸತಿಗೃಹ. ಸ್ವಂತ ಕೋಣೆಗೆ 32 ಯೂರೋ, ಬಾರ್ಸಿಲೋನಾದ ಮೇಲಿನ ಹಾಸಿಗೆಗಿಂತ ಕಮ್ಮಿ.)

ಮಾರನೇ ದಿನ ಸೋಮವಾರ, ಏಪ್ರಿಲ್ 28. ಮಧ್ಯಾಹ್ನ 12 ಗಂಟೆ 33 ನಿಮಿಷಕ್ಕೆ ಸ್ಪೇನ್, ಪೋರ್ಚುಗಲ್ ಎರಡರ ಮುಖ್ಯ ಭೂಭಾಗದಲ್ಲೂ ಕರೆಂಟ್ ಹೋಯಿತು. ನೀವೂ ಸುದ್ದಿ ಹಾಕಿದ್ದಿರಿ. ನಾನಾಗ ಒಂದು ಬಾರಿನಲ್ಲಿ ಆಲೂಗಡ್ಡೆ ಆಮ್ಲೆಟ್ ತಿನ್ನುತ್ತಿದ್ದೆ. ಮೊದಲು ಫ್ರಿಜ್ಜಿನ ಸದ್ದು ನಿಂತಿತು. ಆಮೇಲೆ ಫೋನಿನ ಸಿಗ್ನಲ್ ಹೋಯಿತು. ಕಾರ್ಡ್ ಮೆಷಿನ್ ಸತ್ತಿತ್ತು, ನನ್ನ ಹತ್ತಿರ ಇದ್ದ ನಗದು ನಾಲ್ಕೇ ಯೂರೋ, ಬಿಲ್ಲು ಆರೂವರೆ. ಬಾರಿನ ಹೆಂಗಸು ಒಂದು ನೋಟ್‌ಬುಕ್ ತೆಗೆದು ನನ್ನ ಹೆಸರು ಕೇಳಿ ಬರೆದುಕೊಂಡಳು. ಹೆಸರು ಬರೆಯಲು ಬರಲಿಲ್ಲ, ಕೊನೆಗೆ 'ನೀಲಿ ಬ್ಯಾಗು' ಅಂತ ಬರೆದಳು. ಸಂಜೆಯವರೆಗೆ ಜನ ಚೌಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಮಧ್ಯೆ ಒಂದು ಟ್ರಾನ್ಸಿಸ್ಟರ್ ರೇಡಿಯೋ. ದೊಡ್ಡ ಊರುಗಳಲ್ಲಿ ರೈಲುಗಳು ಸುರಂಗದಲ್ಲಿ ನಿಂತು ಜನ ಹಳಿ ಮೇಲೆ ನಡೆಯುತ್ತಿದ್ದಾರೆ ಅಂತ ಆ ರೇಡಿಯೋ ಹೇಳುತ್ತಿತ್ತು. ಪಕ್ಕದ ಅಜ್ಜ, ನಮಗೆ ರೈಲೇ ಇಲ್ಲ, ನಿಲ್ಲುವುದಕ್ಕೆ ಅಂದರು. ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ನನ್ನ ಸ್ಪ್ಯಾನಿಷ್ ಅಷ್ಟೇ. ಅಂದ ಹಾಗೆ ಆ ಎರಡೂವರೆ ಯೂರೋ ಮಾರನೇ ದಿನ ಕೊಟ್ಟೆ. ಎಲ್ಲಿ ಹೋದರೂ 50 ಯೂರೋ ನಗದು ಬ್ಯಾಗಿನ ತಳದಲ್ಲಿ ಇಟ್ಟಿರಬೇಕು ಅಂತ ಆಗ ಕಲಿತೆ.

ಸ್ಪೇನಿನಿಂದ ವೆನಿಸ್‌ಗೆ ವಿಮಾನ. ಇಪ್ಪತ್ತು ಯೂರೋಗೆ ಸಿಗುತ್ತದೆ ಅಂತ ಲೇಖನ ಹೇಳಿದೆ. ಸಿಗುತ್ತದೆ, ನಿಮಗೆ. ನಿಮ್ಮ ಬ್ಯಾಗಿಗಲ್ಲ. ಅಗ್ಗದ ವಿಮಾನಗಳಲ್ಲಿ ಮುಂದಿನ ಸೀಟಿನ ಕೆಳಗೆ ಹೋಗುವ ಪುಟ್ಟ ಚೀಲ ಮಾತ್ರ ಉಚಿತ. ನನ್ನದು 38 ಲೀಟರಿನದು, ಗೇಟಿನಲ್ಲಿ ಹಿಡಿದರು, 60 ಯೂರೋ ಕಿತ್ತರು. ಯಾವ ಕಂಪನಿ ಅಂತ ಹೇಳಿ ಪ್ರಯೋಜನವಿಲ್ಲ. ಬುಕ್ ಮಾಡುವಾಗಲೇ ಬ್ಯಾಗಿಗೂ ದುಡ್ಡು ಕಟ್ಟಿಬಿಡಿ, ತುಂಬ ಕಮ್ಮಿಯಾಗುತ್ತದೆ.

ವೆನಿಸ್ ಬಗ್ಗೆ ಲೇಖನದಲ್ಲಿ ಇನ್ನೊಂದು ಅರ್ಧ ಸತ್ಯ ಇತ್ತು. ಊರಿಗೆ ಹೋಗಲೂ ಟಿಕೆಟ್ ತೆಗೆಯಬೇಕು ಅಂತ. ಎಲ್ಲರೂ ಅಲ್ಲ, ಎಲ್ಲ ದಿನವೂ ಅಲ್ಲ. 2024ರ ಏಪ್ರಿಲ್ 25ರಂದು ಶುರುವಾದ ಈ ಶುಲ್ಕ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ. 2025ರಲ್ಲಿ 54 ದಿನ ಇತ್ತು, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ. ಮುಂಚೆ ಬುಕ್ ಮಾಡಿದರೆ 5 ಯೂರೋ, ಕೊನೆ ಗಳಿಗೆಯಲ್ಲಿ 10. ರಾತ್ರಿ ಅಲ್ಲೇ ತಂಗುವವರಿಗೆ ಇಲ್ಲ, ಸೇತುವೆ ಆಚೆಯ ಮೆಸ್ತ್ರೆಯಲ್ಲಿ ತಂಗಿದರೂ ಇಲ್ಲ, ಯಾಕೆಂದರೆ ಅದೂ ವೆನಿಸ್ ನಗರಸಭೆಗೇ ಸೇರಿದ್ದು. ಆದರೆ ಆನ್‌ಲೈನ್‌ನಲ್ಲಿ ವಿನಾಯಿತಿ ನೋಂದಾಯಿಸಿ ಒಂದು ಕೋಡ್ ಇಟ್ಟುಕೊಳ್ಳಬೇಕು. ನಾನು ಮೆಸ್ತ್ರೆಯಲ್ಲಿದ್ದೆ. ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಜಲಬಸ್ಸು ಎಪ್ಪತ್ತೈದು ನಿಮಿಷಕ್ಕೆ 9.50 ಯೂರೋ, ಹಾಗಾಗಿ ನಡೆದೆ. ಹತ್ತಿದರೆ ಬ್ಯಾಗು ಬೆನ್ನಿನಿಂದ ಇಳಿಸಿ ಕಾಲ ಬಳಿ ಇಡಿ, ಇಲ್ಲದಿದ್ದರೆ ಅಲ್ಲಿನ ಅಜ್ಜಿಯರು ಬೈಯುತ್ತಾರೆ. ನನಗೆ ಬೈದರು. ಸರಿಯಾಗೇ ಬೈದರು.

ಆ ಅಜ್ಜಿಯರೂ ಎಷ್ಟು ದಿನವೋ. ರಿಯಾಲ್ತೊ ಸೇತುವೆಗೆ ಹತ್ತಿರದ ಒಂದು ಔಷಧಿ ಅಂಗಡಿ ಕಿಟಕಿಯಲ್ಲಿ ಒಂದು ಎಲೆಕ್ಟ್ರಾನಿಕ್ ಫಲಕ ಇದೆ. 2008ರಿಂದ ಅಲ್ಲಿದೆ. ಸಮಯ, ಉಷ್ಣಾಂಶ ಯಾವುದೂ ಅಲ್ಲ, ಹಳೆಯ ವೆನಿಸ್‌ನಲ್ಲಿ ಇನ್ನೂ ವಾಸ ಇರುವವರ ಸಂಖ್ಯೆ. 1950ರ ದಶಕದ ಶುರುವಿನಲ್ಲಿ ಒಂದೂಮುಕ್ಕಾಲು ಲಕ್ಷ ಇದ್ದದ್ದು 2022ರಲ್ಲಿ ಐವತ್ತು ಸಾವಿರಕ್ಕಿಂತ ಕೆಳಗೆ ಇಳಿಯಿತು. ನಾನು ನೋಡಿದಾಗ ನಲವತ್ತೆಂಟು ಸಾವಿರ ಚಿಲ್ಲರೆ. 2023ರಲ್ಲಿ ಪ್ರವಾಸಿಗಳ ಹಾಸಿಗೆಗಳ ಲೆಕ್ಕ ನಿವಾಸಿಗಳ ಲೆಕ್ಕವನ್ನು ದಾಟಿತು. ಆ ಫಲಕದ ಮುಂದೆ ನಿಂತು ಜನ ಸೆಲ್ಫಿ ತೆಗೆದುಕೊಳ್ಳುತ್ತಿರಲಿಲ್ಲ, ಅದೇನೆಂದೇ ಯಾರಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ನನಗೆ ತಕ್ಷಣ ನೆನಪಾಗಿದ್ದು ತೆರುಎಲ್. ಅಲ್ಲಿ ಯಾರೂ ಬರದೆ ಮನೆಗಳು ಖಾಲಿ, ಇಲ್ಲಿ ಎಲ್ಲರೂ ಬಂದು ಮನೆಗಳು ಖಾಲಿ. ಸಂಜೆ ಏಳರ ಮೇಲೆ ಸಾನ್ ಮಾರ್ಕೊ ಚೌಕದಿಂದ ದೂರದ ಓಣಿಗಳಲ್ಲಿ ನಡೆದು ನೋಡಿ, ಕಿಟಕಿಗಳಲ್ಲಿ ದೀಪ ಇರುವುದಿಲ್ಲ.

ವೆನಿಸ್‌ನಿಂದ ಬೊಲೊನ್ಯಾದಲ್ಲಿ ರೈಲು ಬದಲಿಸಿ, ಏಡ್ರಿಯಾಟಿಕ್ ಸಮುದ್ರದ ದಂಡೆಯಲ್ಲೇ ದಿನವಿಡೀ ಕೂತು ಬಾರೀ ತಲುಪಿದೆ. ಒಂದು ಎಚ್ಚರಿಕೆ. ಇಟಲಿಯ ಲೋಕಲ್ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಪುಟ್ಟ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ಟಿಕೆಟ್ ಇದ್ದೂ ಮುದ್ರೆ ಇಲ್ಲದಿದ್ದರೆ ದಂಡ. ನಾನು ಮರೆತಿದ್ದೆ. ಟಿಕೆಟ್ ಪರಿವೀಕ್ಷಕ ನನ್ನ ಮುಖ ನೋಡಿ ಅದರ ಮೇಲೆ ಪೆನ್ನಿನಲ್ಲಿ ಸಮಯ ಬರೆದು ಬಿಟ್ಟ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಬಾರೀಯಿಂದ ಮತೇರಾಗೆ ಸಣ್ಣ ಹಳಿಯ ರೈಲು, ಗೋಧಿ ಹೊಲಗಳ ಮಧ್ಯೆ ತೆವಳುತ್ತಾ ಒಂದೂಮುಕ್ಕಾಲು ಗಂಟೆ. ನಾನು ಹೋದಾಗ ಭಾನುವಾರ ರೈಲಿರಲಿಲ್ಲ, ಬದಲಿಗೆ ಬಸ್ಸು. ಲೇಖನದ ಯೋಜನೆಯಲ್ಲಿ ಮತೇರಾ ಬೀಳುವುದೇ ಭಾನುವಾರ! ಇಂಥ ಒಂದು ವಾಕ್ಯ ಹಾಕಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು, ಅದರ ಬದಲು ಸೂರ್ಯಾಸ್ತದ ಮೇಲೆ ಒಂದು ಇಡೀ ಪ್ಯಾರಾ.

ಮತೇರಾ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ. ಕಣಿವೆಯ ಸುಣ್ಣಕಲ್ಲಿನ ಗೋಡೆಯಲ್ಲಿ ಕೊರೆದ ಗುಹೆಮನೆಗಳು, 'ಸಾಸ್ಸಿ' ಅನ್ನುತ್ತಾರೆ, ಕಲ್ಲುಗಳು ಅಂತಲೇ ಅರ್ಥ. ಒಬ್ಬರ ಸೂರು ಇನ್ನೊಬ್ಬರ ಅಂಗಳ. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಇಲ್ಲಿ ಒಂದೇ ಗುಹೆಯಲ್ಲಿ ಅಪ್ಪ ಅಮ್ಮ, ಏಳೆಂಟು ಮಕ್ಕಳು, ಹೇಸರಗತ್ತೆ, ಕೋಳಿ ಎಲ್ಲ ಒಟ್ಟಿಗೆ ಇದ್ದವು. ನಲ್ಲಿ ಇಲ್ಲ, ಚರಂಡಿ ಇಲ್ಲ, ಮಲೇರಿಯಾ ಇತ್ತು, ಹುಟ್ಟಿದ ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ. ಇದನ್ನು 'ಇಟಲಿಯ ನಾಚಿಕೆ' ಅಂತ ಕರೆದರು. 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಬಂದು ನೋಡಿದರು, 1952ರಲ್ಲಿ ಕಾನೂನು ಮಾಡಿ ಸುಮಾರು ಹದಿನೈದು ಸಾವಿರ ಜನರನ್ನು ಮೇಲಿನ ಹೊಸ ಬಡಾವಣೆಗಳಿಗೆ ಕಳಿಸಿದರು. ಗುಹೆಗಳು ಖಾಲಿ ಬಿದ್ದವು. 1993ರಲ್ಲಿ ಯುನೆಸ್ಕೊ ಬಂತು, 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಪಟ್ಟ ಬಂತು. ಈಗ ಅದೇ ಗುಹೆಗಳಲ್ಲಿ ಒಂದು ರಾತ್ರಿಗೆ ಇನ್ನೂರು ಮುನ್ನೂರು ಯೂರೋ ಕೊಟ್ಟು ಮಲಗುತ್ತಾರೆ. ನಾನು ಗುಹೆಯ ಡಾರ್ಮ್‌ನಲ್ಲಿ 30 ಕೊಟ್ಟು ಮಲಗಿದೆ. ರಾತ್ರಿ ಗೋಡೆ ಮುಟ್ಟಿದರೆ ಒದ್ದೆ. ಬಟ್ಟೆ ಒಣಗಲಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬಂತು.

ಅಲ್ಲೊಬ್ಬರು ಎಂಬತ್ತರ ಹತ್ತಿರದ ಅಜ್ಜ ಸಿಕ್ಕರು. ಮೆಟ್ಟಿಲ ಮೇಲೆ ಕೂತಿದ್ದರು, ನಾನು ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಎದುರಿನ ಹೋಟೆಲ್ ಬಾಗಿಲು ತೋರಿಸಿ, ನಾನು ಹುಟ್ಟಿದ್ದು ಅದರೊಳಗೆ ಅಂದರು. ಹೇಸರಗತ್ತೆ ಎಲ್ಲಿ ಕಟ್ಟುತ್ತಿದ್ದರೋ ಅಲ್ಲಿ ಈಗ ಸ್ನಾನದ ತೊಟ್ಟಿ ಇದೆಯಂತೆ. ಒಳಗೆ ಹೋಗಿ ನೋಡಿದ್ದೀರಾ ಅಂತ ಕೇಳಿದೆ. ಒಮ್ಮೆ ಹೋಟೆಲಿನವರೇ ಕರೆದು ಕಾಫಿ ಕೊಟ್ಟರಂತೆ. ಸಿಟ್ಟು ಇತ್ತಾ, ಹೆಮ್ಮೆ ಇತ್ತಾ, ನನಗೆ ತಿಳಿಯಲಿಲ್ಲ. ಅವರು ಜಾಸ್ತಿ ಮಾತಾಡಿದ್ದು ರೊಟ್ಟಿ ಬಗ್ಗೆ. ಎಲ್ಲರ ಹಿಟ್ಟೂ ಒಂದೇ ಒಲೆಗೆ ಹೋಗುತ್ತಿದ್ದರಿಂದ, ಯಾರ ರೊಟ್ಟಿ ಯಾರದು ಅಂತ ಗೊತ್ತಾಗಲು ಮರದ ಅಚ್ಚಿನಲ್ಲಿ ಮನೆಯ ಗುರುತು ಒತ್ತುತ್ತಿದ್ದರು. ಅವರ ಮನೆಯ ಅಚ್ಚು ಒಂದು ಹುಂಜ. ಈಗ ಅಂಗಡಿಗಳಲ್ಲಿ ಅಂಥ ಅಚ್ಚುಗಳು ಪ್ರವಾಸಿಗಳಿಗೆ ಮಾರಾಟಕ್ಕಿವೆ, ಯಾವ ಮನೆಯ ಗುರುತೂ ಅಲ್ಲದ ಹುಂಜಗಳು. ನಾನೂ ಒಂದು ಕೊಂಡೆ. ಒಪ್ಪಿಕೊಳ್ಳುತ್ತೇನೆ.

ಆಮೇಲೆ ಬಾರೀ ಬಂದರು, ಆ ಇಬ್ಬರು ಹುಡುಗರು, ರಾತ್ರಿ ಹಡಗು. ಕ್ಯಾಬಿನ್ ಬೇಡ ಅಂತ ಕುರ್ಚಿಯ ಟಿಕೆಟ್ ತೆಗೆದೆ. ಲಾರಿ ಡ್ರೈವರುಗಳು ಕಾರ್ಪೆಟ್ ಮೇಲೆ ಹಾಸಿಕೊಂಡು ಮಲಗಿದರು, ನಾನೂ ಮಲಗಿದೆ. ಹಡಗಿನ ಏಸಿ ಹಿಮಾಲಯ, ಮಲಗುವ ಚೀಲ ಇಲ್ಲದಿದ್ದರೆ ಹಡಗು ಬೇಡ.

ಅಲ್ಬೇನಿಯಾ ಅಗ್ಗ, ಚೆಂದ, ಎರಡೂ ಹೌದು. ದುಡ್ಡು ಲೆಕ್. ಯೂರೋಗೆ ನೂರರ ಹತ್ತಿರ, ಲೆಕ್ಕ ಸುಲಭ. ಬೆರಾತ್‌ನಲ್ಲಿ ಹಾಸಿಗೆಗೆ 13 ಯೂರೋ, ಬೆಳಗಿನ ತಿಂಡಿ ಸೇರಿ. 'ಫುರ್ಗೋನ್' ಎಂಬ ಮಿನಿಬಸ್ಸುಗಳಿಗೆ ವೇಳಾಪಟ್ಟಿ ಬಾಯಲ್ಲೇ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ ನಿಲ್ಲಬೇಕು, ಮಧ್ಯಾಹ್ನದ ಮೇಲೆ ನಂಬಬೇಡಿ. ಹಳಬರು ಹೌದು ಅನ್ನಲು ತಲೆಯನ್ನು ಅಡ್ಡ ಆಡಿಸುತ್ತಾರೆ, ಇಲ್ಲ ಅನ್ನಲು ಮೇಲೆತ್ತುತ್ತಾರೆ. ಬಸ್ಸು ಇದೆಯಾ ಅಂತ ಕೇಳಿ ನಾನು ಎರಡು ಸಲ ಮೋಸ ಹೋದೆ, ತಪ್ಪು ನನ್ನದೇ. ಹಿಂದಿನ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ ಕಟ್ಟಿಸಿದ ಕಾಂಕ್ರೀಟ್ ಬಂಕರುಗಳು ಹೊಲದಲ್ಲಿ, ದಂಡೆಯಲ್ಲಿ, ಮನೆ ಹಿತ್ತಿಲಲ್ಲಿ ಅಣಬೆಗಳ ಹಾಗೆ ಎದ್ದು ನಿಂತಿವೆ. 1967ರಲ್ಲಿ ದೇವರನ್ನೇ ನಿಷೇಧಿಸಿದ ದೇಶ ಇದು, ಈಗ ಬೆರಾತ್‌ನಲ್ಲಿ ಮಸೀದಿಯೂ ಇದೆ, ಚರ್ಚೂ ಇದೆ, ಮಧ್ಯೆ ನದಿ.

ಇಲ್ಲೂ ಅದೇ ಕತೆ. 2011ರ ಗಣತಿಯಲ್ಲಿ 28 ಲಕ್ಷ ಇದ್ದ ಜನ 2023ರ ಗಣತಿಯಲ್ಲಿ 24 ಲಕ್ಷ. ನಾನಿದ್ದ ಮನೆಯ ಅಮ್ಮನ ಒಬ್ಬ ಮಗ ಇಟಲಿಯಲ್ಲಿ, ಇನ್ನೊಬ್ಬ ಗ್ರೀಸ್‌ನಲ್ಲಿ. ಅವರ ಕೋಣೆಗಳೇ ನಮ್ಮಂಥವರಿಗೆ ಬಾಡಿಗೆಗೆ. ನನ್ನ ಹಾಸಿಗೆ ಮೇಲಿನ ಗೋಡೆಯಲ್ಲಿ ಯಾವುದೋ ಫುಟ್‌ಬಾಲ್ ಆಟಗಾರನ ಪೋಸ್ಟರ್ ಹಾಗೇ ಇತ್ತು, ಮೂಲೆಗಳು ಹಳದಿಯಾಗಿದ್ದವು. ಅದನ್ನು ತೆಗೆಯಲು ಅವರಿಗೆ ಮನಸ್ಸಿಲ್ಲ.

ಅಲ್ಲಿನ ಜಿರೊಕಾಸ್ತರ್ ಊರಿನಿಂದ ಗ್ರೀಸ್ ಗಡಿಗೆ ಟ್ಯಾಕ್ಸಿ, ಗಡಿ ನಡೆದು ದಾಟಿದೆ. ಗ್ರೀಕ್ ಅಧಿಕಾರಿ ವೀಸಾ ಪುಟ ತೆರೆದು ಬೆರಳಿಟ್ಟಿದ್ದು ಅದೇ ಜಾಗಕ್ಕೆ. ಮಲ್ಟ್. ಠಸ್ಸೆ ಬಿತ್ತು. (2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಠಸ್ಸೆಯ ಬದಲು ಬೆರಳಚ್ಚು, ಫೋಟೋ ಬಂದಿದೆ. ಷೆಂಗೆನ್ ಒಳಗೆ 180 ದಿನದಲ್ಲಿ 90 ದಿನ ಮಾತ್ರ ಇರಬಹುದು ಎಂಬ ಲೆಕ್ಕ ಕಂಪ್ಯೂಟರೇ ಇಡುತ್ತದೆ, ಇನ್ನು ಎಣಿಕೆಯಲ್ಲಿ ತಪ್ಪಿದೆ ಅಂದರೆ ನಡೆಯುವುದಿಲ್ಲ.)

ಗ್ರೀಸ್‌ನಲ್ಲಿ ಸಾಂತೊರಿನಿಗೆ ಹೋಗಲಿಲ್ಲ. ಹದಿನೈದೂವರೆ ಸಾವಿರ ಜನರ ದ್ವೀಪಕ್ಕೆ 2023ರಲ್ಲಿ ಮೂವತ್ತನಾಲ್ಕು ಲಕ್ಷ ಜನ ಹೋಗಿದ್ದರು, ನಾನೊಬ್ಬಳು ಹೋಗದಿದ್ದರೆ ನಷ್ಟವಿಲ್ಲ. ಬದಲು ಝಗೋರಿಗೆ ಹೋದೆ. ಪಿಂಡಸ್ ಬೆಟ್ಟಗಳಲ್ಲಿ ಕಲ್ಲಿನ 46 ಹಳ್ಳಿಗಳು, ಕಲ್ಲಿನ ಕಮಾನು ಸೇತುವೆಗಳು, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಬಸ್ಸು ವಾರದಲ್ಲಿ ಕೆಲವೇ ದಿನ. ಮೊನೊದೆಂದ್ರಿಯಿಂದ ವಿಕೋಸ್ ಕಮರಿಯೊಳಗೆ ಇಳಿದು ಆ ತುದಿ ಮುಟ್ಟಲು ಆರು ಗಂಟೆ ಅನ್ನುತ್ತಾರೆ, ನನಗೆ ಎಂಟೂವರೆ ಹಿಡಿಯಿತು. ಕೊನೆಯಲ್ಲಿ ಬಂಡೆಯ ಬುಡದಿಂದ ನದಿ ಹುಟ್ಟುವ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತೆ. ನೀರು ಎಷ್ಟು ತಣ್ಣಗಿತ್ತೆಂದರೆ ಮಂಡಿ ನೋವೇ ಮರೆತುಹೋಯಿತು.

ಅಲ್ಲಿಂದ ಕೆಳಗಿನ ಇಯೊಆನಿನಾಕ್ಕೆ ಬಂದು ನಾಲ್ಕು ದಿನ ಉಳಿದೆ. ಲೇಖನದಲ್ಲಿ ಈ ಊರು ಬಸ್ಸು ಬದಲಿಸುವ ಸ್ಥಳ ಅಂತ ಅರ್ಧ ಸಾಲಿನಲ್ಲಿ ಬಂದಿದೆ. ಮೂವತ್ತಾರು ದಿನದಲ್ಲಿ ನನಗೆ ತುಂಬ ಹಿಡಿಸಿದ ಊರು ಅದೇ. ಒಂದು ಕೆರೆ, ಕೋಟೆ, ದೊಡ್ಡ ವಿಶ್ವವಿದ್ಯಾಲಯ. ಸಂಜೆ ಕೆರೆ ದಂಡೆಯಲ್ಲಿ ವಿದ್ಯಾರ್ಥಿಗಳು, ಕೈಗಾಡಿಯಲ್ಲಿ ಮಗು ತಳ್ಳುವವರು, ಜಗಳ ಆಡುವ ಗಂಡ ಹೆಂಡತಿ, ಬೀಗ ರಿಪೇರಿ ಅಂಗಡಿ, ಹೊಲಿಗೆ ಅಂಗಡಿ. ನನ್ನ ಬ್ಯಾಗಿನ ಹರಿದ ಪಟ್ಟಿಯನ್ನು ಅಲ್ಲಿನ ಚಪ್ಪಲಿ ರಿಪೇರಿಯವರು ಹತ್ತು ನಿಮಿಷದಲ್ಲಿ ಹೊಲಿದು ಮೂರು ಯೂರೋ ತೆಗೆದುಕೊಂಡರು. ವೆನಿಸ್‌ನಲ್ಲಿ ಇಡೀ ದಿನ ಹುಡುಕಿದ್ದೆ ಅಂಥ ಒಂದು ಅಂಗಡಿಗೆ. ಮುಖವಾಡದ ಅಂಗಡಿ ನೂರು ಸಿಕ್ಕವು.

ಕೊನೆಗೆ ಅಥೆನ್ಸ್. ಅಕ್ರೊಪೊಲಿಸ್‌ಗೆ 2025ರ ಏಪ್ರಿಲ್‌ನಿಂದ 30 ಯೂರೋ, ಗಂಟೆ ಲೆಕ್ಕದ ಟಿಕೆಟ್, ದಿನಕ್ಕೆ 20,000 ಜನ ಮಾತ್ರ. ಬೇಸಿಗೆಯಲ್ಲಿ ಬಿಸಿಲು ತೀರಾ ಜಾಸ್ತಿಯಾದರೆ ಮಧ್ಯಾಹ್ನ ಮುಚ್ಚುತ್ತಾರೆ. ಅಮೃತಶಿಲೆ ಕಾಲಿಗೆ ಜಾರುತ್ತದೆ, ಒಳ್ಳೆಯ ಬೂಟು ಹಾಕಿ. ಚೆಂದ ಇತ್ತು, ಹೇಳುವುದಕ್ಕೆ ಇನ್ನೇನಿಲ್ಲ.

ಸಂಪಾದಕರೇ, ಪುರವಣಿಗೆ ಬರೆಯುವವರಿಗೆ ದಯವಿಟ್ಟು ಇಷ್ಟು ಹೇಳಿ. ಕೊನೆ ಬಸ್ಸು ಎಷ್ಟು ಹೊತ್ತಿಗೆ, ಭಾನುವಾರ ಏನಿಲ್ಲ, ನಗದು ಎಲ್ಲಿ ಬೇಕು, ಬ್ಯಾಗಿಗೆ ಎಷ್ಟು, ವೀಸಾದಲ್ಲಿ ಏನಿರಬೇಕು, ಇದನ್ನು ಒಂದು ಸಣ್ಣ ಚೌಕದಲ್ಲಿ ಹಾಕಲಿ. ಉಳಿದ ಜಾಗದಲ್ಲಿ ಸೂರ್ಯಾಸ್ತದ ಫೋಟೋ ಎಷ್ಟು ದೊಡ್ಡದಾದರೂ ಹಾಕಿಕೊಳ್ಳಲಿ. ನನ್ನ ಪತ್ರ ಹಾಕುವುದು ಬಿಡುವುದು ನಿಮಗೆ ಬಿಟ್ಟಿದ್ದು. ವೀಸಾದ ಆ ಸಾಲಿಗೆ ಮಾತ್ರ ಈ ವಾರವೇ ತಿದ್ದುಪಡಿ ಹಾಕಿ, ಒಳಪುಟದಲ್ಲಾದರೂ ಸರಿ. ಬೇಸಿಗೆಗೆ ಹೊರಡುವವರು ಅರ್ಜಿ ತುಂಬುತ್ತಿರುವುದು ಈಗಲೇ.

ಇಂತಿ,
ನೀಲಿ ಬ್ಯಾಗಿನ ನಿಮ್ಮ ಹಳೇ ಓದುಗಾರ್ತಿ